ಚಳಿ ಬರೋದು ಕೆಳಗಿಂದ

ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಮೈಮೇಲೆ ಎರಡು ಕಂಬಳಿ, ತಲೆಗೆ ಉಣ್ಣೆ ಟೋಪಿ. ಆದರೂ ಬೆನ್ನು ಒದ್ದೆ ಕಲ್ಲಿನ ಮೇಲೆ ಇಟ್ಟ ಹಾಗೆ ಕೊರೆಯುತ್ತಿತ್ತು. ಮಗ ಉರುಳಿಕೊಂಡು ಬಂದು ನನ್ನ ಮೇಲೆ ಬಿದ್ದಿದ್ದ, ಮಗಳು ಅವನ ಮೇಲೆ. ಹೆಂಡತಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ‘ಲಾಡ್ಜಲ್ಲಿ ಹಾಸಿಗೆ ಇರ್ತಿತ್ತು’ ಅಂದಳು. ಅಷ್ಟರಲ್ಲಿ ಟೆಂಟಿನ ಚಾವಣಿಯಿಂದ ಒಂದು ಹನಿ ಸರಿಯಾಗಿ ನನ್ನ ಮೂಗಿನ ಮೇಲೆ ಬಿತ್ತು. ಹೊರಗೆ ಮಳೆ ಇರಲಿಲ್ಲ.

ಇದು ಡಿಸೆಂಬರ್‌ನಲ್ಲಿ ಮುಳ್ಳಯ್ಯನಗಿರಿ ಬುಡದ ಒಂದು ಕಾಫಿ ತೋಟದಲ್ಲಿ ಕಳೆದ ಮೊದಲ ರಾತ್ರಿ. ಗಿರಿಯ ಮೇಲೆ ಎಲ್ಲೆಂದರಲ್ಲಿ ಟೆಂಟ್ ಹೊಡೆಯುವ ಹಾಗಿಲ್ಲ. ಅದಕ್ಕೇ ಪರಿಚಯದವರ ತೋಟದ ಅಂಗಳ ಕೇಳಿಕೊಂಡಿದ್ದೆವು. ಅವರು ಎರಡೇ ಷರತ್ತು ಹಾಕಿದರು. ಕತ್ತಲಾದ ಮೇಲೆ ತೋಟದೊಳಗೆ ಕಾಲಿಡಬಾರದು, ಕಾಟಿ, ಅಂದರೆ ಕಾಡುಕೋಣ, ಬರುತ್ತವೆ. ಹುಲ್ಲು ಒಣಗಿದೆ, ಕಲ್ಲು ಹಾಸಿದ ಜಾಗ ಬಿಟ್ಟು ಬೇರೆಲ್ಲೂ ಬೆಂಕಿ ಹಾಕಬಾರದು. ಅಮ್ಮನಿಗೆ ಮಾತ್ರ ಮನೆಯೊಳಗೆ ಕೋಣೆ ಕೊಟ್ಟರು. ‘ನಿಮಗೆಲ್ಲ ಹುಚ್ಚು’ ಅಂತ ಹೇಳಿ ಅಮ್ಮ ಬಾಗಿಲು ಹಾಕಿಕೊಂಡರು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಟೆಂಟಿನೊಳಗೆ ಇಣುಕಿದವರೂ ಅಮ್ಮನೇ. ನಮ್ಮ ಮುಖ ನೋಡಿದರು. ಏನೂ ಕೇಳಲಿಲ್ಲ. ಹಾಸಿದ್ದ ಬೆಡ್‌ಶೀಟ್ ಎತ್ತಿ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದರು. ‘ಮೇಲೆ ಮೂರು ಹೊದ್ದರೆ ಏನು ಬಂತು? ಕೆಳಗೆ ಏನಿದೆ?’ ಅಂದರು.

ಕೆಳಗೆ ಒಂದು ತೆಳು ಪ್ಲಾಸ್ಟಿಕ್ ಚಾಪೆ, ಅದರ ಮೇಲೆ ಬೆಡ್‌ಶೀಟ್. ಅಷ್ಟೇ. ನಾನು ತಿಂಗಳಿಂದ ವಿಡಿಯೊ ನೋಡಿ ಟೆಂಟ್ ಆರಿಸಿದ್ದೆ, ಹೆಡ್‌ಲ್ಯಾಂಪ್ ಆರಿಸಿದ್ದೆ, ಮಡಚುವ ಕುರ್ಚಿ ಕೂಡ. ನೆಲದ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ಹೊದಿಕೆ ಬೆಚ್ಚಗಿಡುವುದು ಅದರೊಳಗೆ ನಿಂತ ಗಾಳಿಯಿಂದ. ಮೈಕೆಳಗೆ ಸಿಕ್ಕಿದ ಭಾಗ ಭಾರಕ್ಕೆ ಚಪ್ಪಟೆಯಾಗುತ್ತದೆ, ಗಾಳಿ ಹೋಗುತ್ತದೆ, ಮೈಯ ಬಿಸಿಯೆಲ್ಲ ಮಣ್ಣಿಗೆ ಇಳಿಯುತ್ತದೆ. ಸ್ಲೀಪಿಂಗ್ ಬ್ಯಾಗ್‌ಗೂ ಇದೇ ಕಥೆ. ಎಷ್ಟು ದುಬಾರಿಯದಾದರೂ ಅಡಿಯಲ್ಲಿ ಏನಾದರೂ ಇರಲೇಬೇಕು.

ಮೂಗಿನ ಮೇಲೆ ಬಿದ್ದ ಹನಿಯೂ ನಮ್ಮದೇ ಕೆಲಸ. ಚಳಿ ಅಂತ ಎಲ್ಲ ಕಿಟಕಿಗಳ ಜಿಪ್ ಎಳೆದಿದ್ದೆವು. ನಾಲ್ಕು ಜನರ ಉಸಿರು ಹೊರಗೆ ಹೋಗಲು ದಾರಿ ಇಲ್ಲದೆ ತಣ್ಣನೆ ಬಟ್ಟೆಗೆ ತಾಗಿ ನೀರಾಗಿತ್ತು. ಕಂಬಳಿಯ ಮೇಲ್ಭಾಗ ಒದ್ದೆ. ಇನ್ನು ಉರುಳಿದ್ದು ಯಾಕೆ ಅಂದರೆ, ಅಂಗಳಕ್ಕೆ ಸಣ್ಣ ಇಳಿಜಾರು ಇತ್ತು. ನಿಂತು ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಈಗ ಟೆಂಟ್ ಹೊಡೆಯುವ ಮೊದಲೇ ಆ ಜಾಗದಲ್ಲಿ ಅಂಗಾತ ಮಲಗಿ ನೋಡುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಅವತ್ತು ಗಿರಿ ಹತ್ತುವುದಿತ್ತು. ಹೆಂಡತಿ ನನ್ನನ್ನೂ ಮಕ್ಕಳನ್ನೂ ಸರ್ಪದಾರಿಯ ಕಮಾನಿನ ಹತ್ತಿರ ಇಳಿಸಿ, ಅಮ್ಮನನ್ನು ಕೂರಿಸಿಕೊಂಡು ಕಾರಿನಲ್ಲಿ ಸೀತಾಳಯ್ಯನಗಿರಿಗೆ ಹೋದಳು. ಸರ್ಪದಾರಿ ಹೆಸರಿಗೆ ತಕ್ಕ ಹಾಗೆ ಹಾವಿನಂತೆ ಹೊರಳಿ ಹೊರಳಿ ಹತ್ತುತ್ತದೆ. ಮರದ ನೆರಳು ಕಡಿಮೆ, ಹುಲ್ಲು ಜಾಸ್ತಿ. ಗಿಡ್ಡ ಮರಗಳ ದಟ್ಟ ಶೋಲಾ ಕಾಡು ಕಣಿವೆಯ ಮಡಿಕೆಗಳಲ್ಲಿ ಮಾತ್ರ. ಮಗನಿಗೆ ಹನ್ನೊಂದು, ಮಗಳಿಗೆ ಎಂಟು. ಅರ್ಧ ದಾರಿಯಲ್ಲಿ ಮಗಳು ಕೂತುಬಿಟ್ಟಳು. ‘ಇನ್ನು ಸ್ವಲ್ಪ ದೂರ’ ಅನ್ನುವ ಸುಳ್ಳು ಮಕ್ಕಳ ಹತ್ತಿರ ಒಮ್ಮೆ ಮಾತ್ರ ನಡೆಯುತ್ತದೆ. ಕೊನೆಗೆ ಕಥೆ ಕೈಹಿಡಿಯಿತು. ಪಕ್ಕದ ಗಿರಿ ತೋರಿಸಿ, ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ಕದ್ದು ತಂದು ಅಲ್ಲಿ ಹಾಕಿದರಂತೆ ಅಂದೆ. ಎಲ್ಲಿ ಬಚ್ಚಿಟ್ಟುಕೊಂಡಿದ್ದರು, ಪೊಲೀಸರು ಹಿಡಿಯಲಿಲ್ವಾ, ಏಳೇ ಯಾಕೆ? ಪ್ರಶ್ನೆ ಮುಗಿಯುವ ಹೊತ್ತಿಗೆ ತುದಿ ಬಂತು.

ತುದಿ ಅಂದರೆ 1930 ಮೀಟರ್, ಕರ್ನಾಟಕದ ಅತಿ ಎತ್ತರದ ಜಾಗ. ದೇವಸ್ಥಾನದ ಗೋಡೆ ಮರೆಗೆ ಕೂತು ಚಪಾತಿ, ಶೇಂಗಾ ಚಟ್ನಿ ತಿಂದೆವು. ಗಾಳಿ ಹೇಗಿತ್ತೆಂದರೆ ಖಾಲಿ ಡಬ್ಬಿಯ ಮುಚ್ಚಳ ಹಾರಿಹೋಯಿತು. ಮಗ ಹಿಂದೆ ಓಡಿದ, ಕೂಗಿ ನಿಲ್ಲಿಸಿದೆ. ಮುಚ್ಚಳ ಹೋದರೆ ಹೋಗಲಿ. ಇಳಿಯುವಾಗ ಮೆಟ್ಟಿಲಿನ ದಾರಿ ಹಿಡಿದೆವು, ಅಷ್ಟರಲ್ಲಿ ಹೆಂಡತಿ ಅಮ್ಮನನ್ನು ತೋಟಕ್ಕೆ ಬಿಟ್ಟು, ಕಾರು ತಂದು ಕಾಯುತ್ತಿದ್ದಳು.

ಸಂಜೆ ತೋಟಕ್ಕೆ ಬಂದರೆ ಅಮ್ಮ ಆಗಲೇ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮಾತಾಡಿ ಹತ್ತು ಖಾಲಿ ಗೋಣಿಚೀಲ ಎತ್ತಿಸಿದ್ದರು. ಕುಯ್ಲಿನ ಕಾಲ, ಗೋಣಿಗೇನು ಬರ ಇಲ್ಲ. ಟೆಂಟನ್ನು ಸಮತಟ್ಟಾದ ಕಡೆಗೆ ಎಳೆದು, ಕಲ್ಲು ಆರಿಸಿ, ಮೊದಲು ಟೆಂಟಿನ ಅಡಿಗೆ ಆರು ಗೋಣಿ ಹಾಸಿದೆವು. ಉಳಿದ ನಾಲ್ಕರ ಒಳಗೆ ಒಣ ಹುಲ್ಲು ತುಂಬಿ ಟೆಂಟಿನೊಳಗೆ ಬೆನ್ನು ಬರುವ ಜಾಗಕ್ಕೆ ಇಟ್ಟೆವು. ಅದರ ಮೇಲೆ ಚಾಪೆ, ಒಂದು ಕಂಬಳಿ. ಹೊದೆಯಲು ಇನ್ನೊಂದೇ ಕಂಬಳಿ ಸಾಕಾಯಿತು. ಮೇಲಿನ ಎರಡು ಕಿಟಕಿ ನಾಲ್ಕು ಬೆರಳಿನಷ್ಟು ತೆರೆದಿಟ್ಟೆ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಎರಡು ಸಲ ತಿರುಗಿಸಿ ನೋಡಿ, ಕಾಲುಚೀಲದೊಳಗೆ ತುರುಕಿ ಮಕ್ಕಳ ಕಾಲ ಹತ್ತಿರ ಇಟ್ಟೆ.

ಒಂದು ವಿಷಯದಲ್ಲಿ ಮಾತ್ರ ಜಗಳವಾಯಿತು. ಮಗ ಒಲೆಯ ಕೆಂಡವನ್ನು ಬಾಣಲೆಗೆ ಹಾಕಿ ಟೆಂಟಿನೊಳಗೆ ಇಡೋಣ ಅಂದ. ಕೇಳಲು ಚೆನ್ನಾಗಿಯೇ ಇತ್ತು, ಅಲ್ವಾ? ನಾನು ಬೇಡವೇ ಬೇಡ ಅಂದೆ. ಮುಚ್ಚಿದ ಜಾಗದಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಸಣ್ಣ ಗ್ಯಾಸ್ ಸ್ಟೌವ್ ಕೂಡ ಹೊರಗೇ ಇರಬೇಕು, ಮಳೆ ಬಂದರೂ. ಮಗ ಮುಖ ಊದಿಸಿಕೊಂಡೇ ಮಲಗಿದ.

ಆ ರಾತ್ರಿ ಮೊಬೈಲ್ 13 ಡಿಗ್ರಿ ತೋರಿಸುತ್ತಿತ್ತು, ಹಿಂದಿನ ರಾತ್ರಿಗಿಂತ ಒಂದು ಕಡಿಮೆ. ಗೋಣಿಯ ಘಮ ಸ್ವಲ್ಪ ಜಾಸ್ತಿಯಾಯಿತು ಅನ್ನುವುದು ಬಿಟ್ಟರೆ ನನಗೆ ನೆನಪಿರುವುದು ಬೆಳಗಿನ ಏಳು ಗಂಟೆ. ಕಣದಲ್ಲಿ ಯಾರೋ ಕಾಫಿ ಹರವುತ್ತಿದ್ದರು. ಮರದ ಹಲುಬೆ ಸಿಮೆಂಟಿನ ಮೇಲೆ ಸರ್‍ರೆಂದು ಎಳೆಯುವ ಸದ್ದಿಗೆ ಎದ್ದೆ. ಚಾವಣಿ ಮುಟ್ಟಿ ನೋಡಿದೆ, ಒಣಗಿತ್ತು. ಹೆಂಡತಿ ಇನ್ನೂ ಮಲಗಿದ್ದಳು.

ಬೆಂಗಳೂರಿಗೆ ಬಂದ ಮೇಲೆ ಟೆಂಟನ್ನು ಮಹಡಿ ಮೇಲೆ ಬಿಚ್ಚಿ ಒಂದು ದಿನ ಬಿಸಿಲಿಗೆ ಹಾಕಿದೆ. ಹಾಗೇ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಗೂಟ ಎಣಿಸಿದರೆ ಹನ್ನೆರಡರಲ್ಲಿ ಹನ್ನೊಂದೇ ಇದ್ದವು. ಕೊಡವುವಾಗ ಮೂಲೆಯಿಂದ ಮೂರು ಕಾಫಿ ಹಣ್ಣು ಉದುರಿದವು. ಮಗಳು ಅವನ್ನು ತುಳಸಿ ಪಕ್ಕದ ಕುಂಡದಲ್ಲಿ ಹೂತು, ದಿನಾ ನೀರು ಹಾಕುತ್ತಿದ್ದಾಳೆ. ಇನ್ನೂ ಏನೂ ಬಂದಿಲ್ಲ.