ಚಳಿಗಾಲದಲ್ಲಿ, ಜಪಾನಿನ ಕವಾಸಾಕಿ ಊರಿನ ಫ್ಲಾಟಲ್ಲಿ, ಅಸಲಿ ಉರುಷಿ ಕಿಂಟ್ಸುಗಿ – ನನ್ನ ಅನುಭವ

ಕಿಂಟ್ಸುಗಿ ಅಂದ್ರೆ ಒಡೆದ ಪಾತ್ರೆಯನ್ನ ಉರುಷಿ ಅನ್ನೋ ಮರದ ಸೊನೆಯಲ್ಲಿ ಅಂಟಿಸಿ, ಬಿರುಕಿನ ಗೆರೆಗೆ ಚಿನ್ನದ ಪುಡಿ ಹಚ್ಚೋ ಜಪಾನಿನ ಕಲೆ. ಮೊನ್ನೆ ಶನಿವಾರ ನನ್ನ ಕಪ್‌ನ ಚಿನ್ನದ ಗೆರೆ ಉಜ್ಜಿ ಮುಗಿಸ್ದೆ. ಉಗುರಲ್ಲಿ ಕೆರೆದ್ರೂ ಏಳ್ತಿಲ್ಲ. ಎಪಾಕ್ಸಿ ಅಂಟು ಒಂದು ಹನಿ ಇಲ್ಲ, ಪೂರ್ತಿ ಉರುಷಿ, ಅದೂ ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ಉರುಷಿ ಗಟ್ಟಿಯಾಗೋಕೆ ಗಾಳೀಲಿ ತೇವ ಬೇಕು. ಕಿಂಟ್ಸುಗಿ ಕ್ಲಾಸಲ್ಲಿ ನನ್ನ ಪಕ್ಕ ಕೂರೋರೆಲ್ಲ "ಚಳಿಗಾಲದಲ್ಲಿ ಮನೇಲಿ ಒಣಗಲ್ಲ, ಜೂನ್ ಮಳೆ ಬರೋವರ್ಗೂ ಕಾಯಿರಿ" ಅಂದಿದ್ರು, ಅದಕ್ಕೇ ಇದನ್ನ ಬರೀತಿರೋದು.

ಮೊದ್ಲು ಹೋಗಿದ್ದು ಎರಡು ಗಂಟೆಯ ಒಂದು ವರ್ಕ್‌ಶಾಪ್‌ಗೆ. ಆರು ಸಾವಿರ ಯೆನ್ ಹತ್ರ ಕೊಟ್ಟೆ. ಅಲ್ಲಿ ಎಪಾಕ್ಸಿ ಹಚ್ಚಿ, ಹಿತ್ತಾಳೆ ಪುಡಿ ಉದುರಿಸಿ, ಫೋಟೋ ತೆಗ್ಸಿ ಕಳಿಸಿದ್ರು. ಮೂರು ತಿಂಗಳಿಗೆ ಗೆರೆ ಕಪ್ಪಾಯ್ತು, ಬಾಯಿ ತಾಗೋ ಪಾತ್ರೆಗೆ ಅದನ್ನ ಹಾಕೋಕೂ ಮನಸ್ಸು ಬರಲ್ಲ. ಆಮೇಲೆ ತಿಂಗಳಿಗೆರಡು ಸಲ ನಡೆಯೋ ಕ್ಲಾಸ್ ಸೇರ್ದೆ, ಆರು ತಿಂಗಳಿಗೆ ಐವತ್ತು ಸಾವಿರ ಯೆನ್ ಆಸುಪಾಸು. ಸೆನ್ಸೇ (ಮೇಷ್ಟ್ರು) ಮಾತು ಕಮ್ಮಿ, ಕೈ ನೋಡ್ಕೊಂಡೇ ಕಲೀಬೇಕು. ದುಡ್ಡು ಕೊಟ್ಟಿದ್ದು ಸಾರ್ಥಕ ಆಗಿದ್ದು ಇಲ್ಲೇ.

ರಿಪೇರಿಗೆ ತಗೊಂಡಿದ್ದು ಕುಂಬಾರಿಕೆಗೆ ಹೆಸರಾದ ಮಾಶಿಕೊ ಊರಿನ ಜಾತ್ರೇಲಿ ಕೊಂಡ ಕಪ್, ನಾಲ್ಕು ಚೂರು, ಅಂಚಲ್ಲಿ ಕಡಲೆಬೇಳೆಯಷ್ಟು ಜಾಗ ಮಾಯ.

ಮೊದಲನೇ ಸಲ ಮುಗಿಉರುಷಿ (ಮೈದಾ ಕಲಸಿದ ಉರುಷಿ ಅಂಟು) ಹಚ್ಚಿ ಜೋಡ್ಸಿ, ರಟ್ಟಿನ ಪೆಟ್ಟಿಗೇಲಿ ಒದ್ದೆ ಬಟ್ಟೆ ಜೊತೆ ಇಟ್ಟೆ. ಹತ್ತು ದಿನ ಬಿಟ್ಟು ಎತ್ತಿದ್ರೆ ಎರಡು ಚೂರು ಕೈಗೇ ಬಂತು, ಒಳಗೆ ಇನ್ನೂ ಮೇಣದ ಥರ ಮೆತ್ತಗೆ. ಎಸಿ ಹೀಟರ್ ಹಾಕಿರೋ ರೂಮಲ್ಲಿ ತೇವಾಂಶ ಶೇಕಡಾ 28, 30ರಲ್ಲಿ ನಿಂತಿತ್ತು, ರಟ್ಟು ಇದ್ದ ತೇವಾನೂ ಹೀರ್ಕೊಂಡಿತ್ತು. ಎರಡನೇ ಸಲ ಹಟ ಬಂದು 90ಕ್ಕೆ ಏರಿಸ್ದೆ, ಗೆರೆ ಮೇಲೆ ಹಚ್ಚಿದ್ದ ಕಪ್ಪು ಉರುಷಿ ಕೋಟು ಒಂದೇ ರಾತ್ರಿಗೆ ಒಣಗಿ ಹಾಲಿನ ಕೆನೆ ಥರ ಸುಕ್ಕುಗಟ್ತು, ಎಲ್ಲಾ ಉಜ್ಜಿ ತೆಗೀಬೇಕಾಯ್ತು.

ಕೊನೆಗೆ ಕೆಲಸ ಮಾಡಿದ್ದು ಸೂಪರ್‌ಮಾರ್ಕೆಟ್‌ನಲ್ಲಿ ಬಿಟ್ಟಿ ಸಿಕ್ಕ ಮೀನಿನ ಥರ್ಮೋಕೋಲ್ ಡಬ್ಬ. ಅಡಿಯಲ್ಲಿ ಆಮೆ, ಹಲ್ಲಿ ಸಾಕೋರು ಇಡೋ ಹೀಟರ್ ಮ್ಯಾಟು, ಮೇಲೆ ಹಿಂಡಿದ ಟವೆಲ್ಲು, ಒಂದು ಸಾವಿರ ಯೆನ್‌ನ ತೇವಾಂಶ ಮೀಟರ್. ತೇವಾಂಶ ಮೊದಲೆರಡು ದಿನ 65, ಆಮೇಲೆ 75, ಶಾಖ 24ರಿಂದ 26 ಡಿಗ್ರಿ. ಟವೆಲ್ಲು ಕಪ್‌ಗೆ ತಾಗಬಾರ್ದು, ಮುಚ್ಚಳ ದಿನಕ್ಕೊಂದ್ಸಲ ತೆಗೀಬೇಕು. ಜೋಡಣೆಗೆ ಮೂರು ವಾರ ಕೊಟ್ಟೆ, ಅದ್ರಲ್ಲಿ ಆತುರ ಬೇಡ.

ಕೈ ವಿಷ್ಯ. ಉರುಷಿ ಅಂದ್ರೆ ಸೊನೆ, ಮಾವು ಗೇರಿನ ಕುಟುಂಬದ್ದೇ. ನಾನು ಪುತ್ತೂರು ಕಡೆಯವನು, ಚಿಕ್ಕಂದಿನಲ್ಲಿ ಚೇರೆ ಮರ ಮುಟ್ಟಿ ಮುಖ ಊದಿಸ್ಕೊಂಡವನು, ಆದ್ರಿಂದ ಶುರುವಿಂದ್ಲೂ ಗ್ಲೌಸ್ ಬಿಟ್ಟಿರ್ಲಿಲ್ಲ. ಒಂದಿನ ಮಾತ್ರ ಚಮಚದಂಥ ಕಡ್ಡಿ ಒರೆಸೋಕೆ ಅಂತ ಗ್ಲೌಸ್ ಬಿಚ್ಚಿದ್ದೆ, ಎರಡು ದಿನಕ್ಕೆ ಮಣಿಕಟ್ಟು ತುಂಬಾ ಗುಳ್ಳೆ, ಎರಡು ವಾರ ನಿದ್ದೆ ಇಲ್ಲ. ತಾಗಿದ ತಕ್ಷಣ ಅಡುಗೆ ಎಣ್ಣೆಯಲ್ಲಿ ಉಜ್ಜಿ ಆಮೇಲೆ ಸೋಪು ಹಾಕಿ, ಮೊದ್ಲೇ ನೀರು ಬೇಡ.

ಮಧ್ಯೆ ಒಂದು ಪ್ರಯೋಗ. ಊರಿಂದ ತಂದ ರಾಗಿ ಹಿಟ್ಟಲ್ಲಿ ಅಂಟು ಮಾಡಿ ನೋಡ್ದೆ, ಎಳೆ ಬರ್ಲೇ ಇಲ್ಲ, ಮಣ್ಣಿನ ಥರ ಉದುರ್ತು. ಗ್ಲುಟೆನ್ ಇಲ್ದೆ ಆ ಜಿಗುಟು ಬರಲ್ಲ. ಗೋಧಿ ಹಿಟ್ಟಲ್ಲಿ ಆಗುತ್ತೆ, ಆದ್ರೆ ತೌಡಿನ ಚುಕ್ಕಿ ಕಾಣುತ್ತೆ, ಮೈದಾನೇ ಸರಿ. ಅನ್ನದ ಗಂಜಿ ಅರೆದು ಸೇರಿಸಿದ್ದು ಚೆನ್ನಾಗೇ ನಿಂತಿದೆ, ಸಣ್ಣ ಬಿರುಕಿಗೆ ಈಗ ಅದನ್ನೇ ಹಾಕ್ತೀನಿ. ಮೆರುಗಿಲ್ಲದ ಮಣ್ಣಿನ ಕುಡಿಕೆ ಜೋಡಿಸೋಕೆ ಹೋದೆ, ಸೊನೆ ಹೀರ್ಕೊಂಡು ಸುತ್ತ ಕಪ್ಪು ಕಲೆ ಆಯ್ತು, ಹೋಗ್ಲೇ ಇಲ್ಲ.

ಚಿನ್ನದ್ದೇ ಖರ್ಚು. 0.1 ಗ್ರಾಂ ಪುಡಿಗೆ ನಾನು ಕೊಂಡಾಗ ಎರಡು ಸಾವಿರ ಯೆನ್ ಮೇಲಿತ್ತು, ಮೊದಲನೇ ಪೊಟ್ಟಣ ಪೂರ್ತಿ ಹಾಳು. ಚಿನ್ನ ಹಿಡಿಯೋಕೆ ಅಂತ ಬಳಿದ ಕೆಂಪು ಉರುಷಿ ಇನ್ನೂ ಹಸಿ ಇದ್ದಾಗ ಉದುರಿಸ್ಬಿಟ್ಟೆ, ಚಿನ್ನ ಒಳಗೆ ಮುಳುಗಿ ಮಂಕು ಕಂದು ಗೆರೆ ಉಳೀತು. ಸೆನ್ಸೇ ಕಪ್ಪನ್ನ ತಮ್ಮ ಬಾಯಿ ಹತ್ರ ತಂದು ನಿಧಾನಕ್ಕೆ ಉಸಿರು ಬಿಟ್ಟು ತೋರಿಸಿದ್ರು. ಕೆಂಪಿನ ಮೇಲೆ ಕ್ಷಣಕಾಲ ನೀಲಿ ಮಂಜಿನಂಥ ಛಾಯೆ ಹರಡಿ ಮಾಯ ಆಗುತ್ತೆ, ಆ ನೀಲಿ ಕಂಡ್ಮೇಲೇ ಚಿನ್ನ. ಅದು ಕಂಡು ಎಷ್ಟು ನಿಮಿಷಕ್ಕೆ ಚಿನ್ನ ಹಚ್ಚೋ ರೇಷ್ಮೆ ಎಳೆಯ ಉಂಡೆ ಇಡ್ಬೇಕು ಅನ್ನೋದನ್ನ ನಾನು ಎಂಟ್ಹತ್ತು ಚೂರು ಕೆಡಿಸಿ ಕಂಡ್ಕೊಂಡಿದ್ದು, ಅದನ್ನ ಇಲ್ಲಿ ಬರೆಯಲ್ಲ. ಅಂಚಿನ ಗುಂಡಿ ತುಂಬೋಕೆ ಮರದ ಪುಡಿ ಜೊತೆ ಇನ್ನೊಂದು ಸೇರಿಸ್ತೀನಿ, ಅದೂ ನನ್ನ ಹತ್ರಾನೇ ಇರ್ಲಿ.

ಎಲ್ಲಾ ಸೇರಿ ಎಂಬತ್ತು ಸಾವಿರ ಯೆನ್ ದಾಟಿದೆ, ಕಪ್ ಬೆಲೆ ಮೂರು ಸಾವಿರ ಇರ್ಬೇಕು. ಮನೆಯವ್ಳು ಮೊದಲು "ಇನ್ನೊಂದು ತಗೊಂಡ್ರೆ ಆಗ್ತಿರ್ಲಿಲ್ವಾ" ಅಂತಿದ್ಲು, ಈಗ ಅವಳ ಅಜ್ಜಿಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತಂದು ಮೇಜಿನ ಮೇಲಿಟ್ಟಿದ್ದಾಳೆ. ಕ್ಲಾಸಲ್ಲಿ ಸೆನ್ಸೇ ಕಪ್ ತಿರುಗಿಸಿ ತಿರುಗಿಸಿ ನೋಡಿ, ಡಬ್ಬದ ಫೋಟೋ ಕೇಳಿ ತಗೊಂಡ್ರು. ಇನ್ನೊಂದು ತಿಂಗಳು ವಾಸನೆ ಹೋಗೋಕೆ ಬಿಟ್ಟು ಆಮೇಲೆ ಕಾಫಿ ಹಾಕ್ತೀನಿ. ಮೈಕ್ರೋವೇವ್‌ಗೆ ಮಾತ್ರ ಯಾವತ್ತೂ ಇಲ್ಲ.