ಹಲವು ಡೆಪ್ತ್ ಕ್ಯಾಮೆರಾಗಳಿಂದ ನಡಿಗೆಯನ್ನು ಅಳೆಯುವುದು ಹೇಗೆ?

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ನಡಿಗೆ ಎಷ್ಟು ಸುಧಾರಿಸಿದೆ ಎಂದು ಅಂಕಿಗಳಲ್ಲಿ ಹೇಳಬೇಕಾದರೆ ಅವರ ಕೀಲುಗಳ ಸ್ಥಾನ ಕ್ಷಣಕ್ಷಣಕ್ಕೂ ತಿಳಿಯಬೇಕು. ಮೈಮೇಲೆ ಯಾವ ಗುರುತನ್ನೂ ಅಂಟಿಸದೆ ಇದನ್ನು ತಿಳಿಯಲು ಡೆಪ್ತ್ ಕ್ಯಾಮೆರಾ ನೆರವಾಗುತ್ತದೆ. ಚಿತ್ರದ ಪ್ರತಿ ಬಿಂದುವೂ ತನ್ನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅದು ದಾಖಲಿಸುತ್ತದೆ. 2010ರಲ್ಲಿ ಆಟದ ಸಾಧನವಾಗಿ ಬಂದ ಕಿನೆಕ್ಟ್ ಈ ತಂತ್ರವನ್ನು ಸಾಮಾನ್ಯ ಪ್ರಯೋಗಾಲಯಗಳಿಗೂ ಎಟುಕಿಸಿತು. ಆದರೆ ಒಂದೇ ಕ್ಯಾಮೆರಾ ಇದ್ದಾಗ, ವ್ಯಕ್ತಿ ಪಕ್ಕಕ್ಕೆ ತಿರುಗಿದೊಡನೆ ಒಂದು ಕಾಲು ಇನ್ನೊಂದರ ಮರೆಗೆ ಸರಿಯುತ್ತದೆ, ಮರೆಯಾದ ಮಂಡಿಯ ಜಾಗವನ್ನು ತಂತ್ರಾಂಶ ಊಹಿಸತೊಡಗುತ್ತದೆ.

ಮೊದಲಿಗೆ, ನೇರ ಬಿಸಿಲು ಬೀಳದ ಕೋಣೆಯಲ್ಲಿ ನಡೆಯುವ ದಾರಿಯ ಸುತ್ತ ಮೂರು ನಾಲ್ಕು ಕ್ಯಾಮೆರಾಗಳನ್ನು ಅಲುಗದಂತೆ ನಿಲ್ಲಿಸಿ. ಕಡುಗಪ್ಪು ಬಟ್ಟೆಯೂ ಹೊಳೆಯುವ ನೆಲವೂ ಅಳತೆಯನ್ನು ಕೆಡಿಸುತ್ತವೆ.

ಬಳಿಕ ಕ್ಯಾಮೆರಾಗಳ ಕಾಲವನ್ನು ಹೊಂದಿಸಿ. ದೂರ ಅಳೆಯಲು ಎಲ್ಲವೂ ಒಂದೇ ಕ್ಷಣದಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಚೆಲ್ಲಿದರೆ ಒಂದರ ಬೆಳಕು ಇನ್ನೊಂದರ ಅಳತೆಗೆ ಅಡ್ಡಬರಬಹುದು. ಅದಕ್ಕಾಗಿಯೇ 2019ರ ಅಜೂರ್ ಕಿನೆಕ್ಟ್‌ನಲ್ಲಿ ಸಾಧನಗಳನ್ನು ತಂತಿಯಿಂದ ಜೋಡಿಸಿ, ಒಂದೊಂದರ ಸರದಿಯ ನಡುವೆ ಕನಿಷ್ಠ 160 ಮೈಕ್ರೋಸೆಕೆಂಡುಗಳ ಅಂತರ ಇಡುವ ವ್ಯವಸ್ಥೆಯಿತ್ತು.

ಹೆಚ್ಚಿನ ಸಮಯವನ್ನು ಮೀಸಲಿಡಬೇಕಾದದ್ದು ಸ್ಥಾನ ಹೊಂದಿಸುವ ಕೆಲಸಕ್ಕೆ. ಚದುರಂಗದ ಮನೆಗಳಿರುವ ಹಲಗೆಯೊಂದನ್ನು ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಹಿಡಿದು, ಪ್ರತಿ ಕ್ಯಾಮೆರಾ ಎಲ್ಲಿದೆ, ಯಾವ ಕಡೆಗೆ ಎಷ್ಟು ತಿರುಗಿದೆ ಎಂಬುದನ್ನು ಲೆಕ್ಕಹಾಕಿ ಎಲ್ಲವನ್ನೂ ಒಂದೇ ನಿರ್ದೇಶಾಂಕ ವ್ಯವಸ್ಥೆಗೆ ತರಬೇಕು. ಇಲ್ಲಿ ಒಂದು ಡಿಗ್ರಿ ತಪ್ಪಿದರೂ ಮೂರು ಮೀಟರ್ ದೂರದಲ್ಲಿರುವ ಮಂಡಿ ಐದು ಸೆಂಟಿಮೀಟರ್‌ನಷ್ಟು ಆಚೀಚೆ ಆಗುತ್ತದೆ. ಇನ್ನೆರಡು ಕ್ಯಾಮೆರಾ ಸೇರಿಸಿದ ಮಾತ್ರಕ್ಕೆ ಈ ದೋಷ ನೀಗದು.

ಇನ್ನು ಕೀಲುಗಳ ಸ್ಥಾನಗಳನ್ನು ಒಂದುಗೂಡಿಸುವುದು. ಬರಿಯ ಸರಾಸರಿ ತೆಗೆಯಬೇಡಿ. ಕೀಲನ್ನು ಸ್ಪಷ್ಟವಾಗಿ ಕಂಡ ಕ್ಯಾಮೆರಾದ ಮಾತಿಗೆ ಹೆಚ್ಚು ತೂಕ ಕೊಡಿ. ಬೆನ್ನ ಹಿಂದಿನ ಕ್ಯಾಮೆರಾ, ವ್ಯಕ್ತಿ ತನ್ನತ್ತ ಮುಖಮಾಡಿದ್ದಾನೆಂದು ಭ್ರಮಿಸಿ ಎಡಗಾಲನ್ನು ಬಲಗಾಲೆಂದು ವರದಿ ಮಾಡುವುದುಂಟು. ಇದನ್ನು ಗಮನಿಸದೆ ಸರಾಸರಿ ತೆಗೆದರೆ ಎರಡು ಮಂಡಿಗಳೂ ನಡುವೆ ಬಂದು ಅಂಟಿಕೊಳ್ಳುತ್ತವೆ!

ಸೊಂಟ, ಮಂಡಿ, ಪಾದದ ಗಿಣ್ಣು ಈ ಮೂರು ಬಿಂದುಗಳಿಂದ ಮಂಡಿಯ ಕೋನ ಸಿಗುತ್ತದೆ. ಅದಕ್ಕೂ ಮೊದಲು ಬಿಂದುಗಳ ನಡುಕವನ್ನು ಸೋಸಬೇಕು. ನಡಿಗೆಯ ದತ್ತಾಂಶಕ್ಕೆ ಸಾಮಾನ್ಯವಾಗಿ 6 ಹರ್ಟ್ಸ್ ಆಸುಪಾಸಿನ ಮಿತಿಯನ್ನು ಬಳಸುತ್ತಾರೆ, ಅಂದರೆ ಸೆಕೆಂಡಿಗೆ ಸುಮಾರು ಆರು ಸಲಕ್ಕಿಂತ ವೇಗವಾದ ಅಲುಗಾಟವನ್ನು ತೆಗೆದುಹಾಕುತ್ತಾರೆ. ಗಿಣ್ಣು ನೆಲಕ್ಕೆ ಹತ್ತಿರವಿರುವುದರಿಂದ ಅದರ ಅಳತೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡುವುದು ಮೇಲು.

ಕೊನೆಗೆ, ರೋಗಿಯನ್ನು ನಡೆಸುವ ಮುನ್ನ, ಆರೋಗ್ಯವಂತರೊಬ್ಬರನ್ನು ಕೂರಿಸಿ ಫಿಸಿಯೋಥೆರಪಿಸ್ಟರು ಬಳಸುವ ಗೋನಿಯೋಮೀಟರ್‌ನಿಂದ ಅಳೆದ ಮಂಡಿಯ ಕೋನದೊಂದಿಗೆ ನಿಮ್ಮ ಫಲಿತಾಂಶವನ್ನು ಹೋಲಿಸಿ. ವ್ಯತ್ಯಾಸ ಪ್ರತಿ ಸಲವೂ ಒಂದೇ ರೀತಿಯಲ್ಲಿ ಬಂದರೆ ಹಲಗೆಯನ್ನು ಮತ್ತೆ ಕೈಗೆತ್ತಿಕೊಳ್ಳಿ.