ಅರ್ಥಶಾಸ್ತ್ರದ ಪಿಎಚ್.ಡಿ.: ನಾನು ಅರ್ಜಿ ಹಾಕಿದ್ದು, ವಿಭಾಗ ಆರಿಸಿಕೊಂಡದ್ದು

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಮಾಡಬೇಕೆನ್ನುವವರು ಮೊದಲು ಹುಡುಕುವುದು ಗೈಡನ್ನು. ಯಾರ ಬಳಿ ಸೀಟು ಖಾಲಿಯಿದೆ, ಯಾರು ಒಪ್ಪುತ್ತಾರೆ ಎಂಬುದು ತಿಳಿದ ಮೇಲೆಯೇ ಉಳಿದ ಕೆಲಸ. ಅಮೆರಿಕದ ಅರ್ಥಶಾಸ್ತ್ರ ವಿಭಾಗಗಳಲ್ಲಿ ಈ ಕ್ರಮ ತಿರುಗುಮುರುಗು. ಅಲ್ಲಿ ವಿದ್ಯಾರ್ಥಿಯನ್ನು ಆರಿಸುವುದು ವಿಭಾಗದ ಪ್ರವೇಶ ಸಮಿತಿ. ಸೇರಿದವರು ಮೊದಲ ವರ್ಷ ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ ಮತ್ತು ಅರ್ಥಮಿತಿಯನ್ನು (ಎಕನಾಮೆಟ್ರಿಕ್ಸ್) ಒಟ್ಟಿಗೆ ಓದಿ, ಸಾಮಾನ್ಯವಾಗಿ ಅದರ ಕೊನೆಗೆ, ಮುಂದುವರಿಯಲು ಪಾಸಾಗಬೇಕಾದ ಪ್ರಿಲಿಮ್ಸ್ ಪರೀಕ್ಷೆ ದಾಟಿ, ಎರಡನೆಯ ವರ್ಷ ತಮ್ಮ ವಿಶೇಷ ವಿಷಯಗಳನ್ನು ಓದಿಕೊಂಡು, ಮೂರನೆಯ ವರ್ಷದ ಹೊತ್ತಿಗೆ ಮಾರ್ಗದರ್ಶಕರನ್ನು ಕಂಡುಕೊಳ್ಳುತ್ತಾರೆ. ಹೀಗಾಗಿ ಅರ್ಜಿಗೆ ಮೊದಲೇ ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವುದರಿಂದ ಅಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ದೆಹಲಿಯಲ್ಲಿ ಎಂ.ಎ. ಮುಗಿಸಿ, ಬೆಂಗಳೂರಿನಲ್ಲಿ ಸಂಶೋಧನಾ ಸಹಾಯಕನಾಗಿ ದುಡಿದ ಬಳಿಕ ಅರ್ಜಿ ಹಾಕಿದ ನನಗೆ ಈ ಒಂದು ವ್ಯತ್ಯಾಸ ಮುಂದಿನ ಎಲ್ಲ ನಿರ್ಧಾರಗಳಿಗೂ ಆಧಾರವಾಯಿತು. ಒಬ್ಬ ಗೈಡನ್ನು ನಂಬಿ ಹೋಗುವ ವ್ಯವಸ್ಥೆ ಅದಲ್ಲವಾದ್ದರಿಂದ, ನನ್ನ ವಿಷಯದಲ್ಲಿ ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ ಎಂಬುದೇ ನಾನು ಮೊದಲು ನೋಡಬೇಕಾದ ಸಂಗತಿಯಾಗಿತ್ತು.

ಪ್ರವೇಶ ಸಮಿತಿಯವರು ಮೊದಲು ನೋಡುವುದು ಗಣಿತವನ್ನು. ಅಮೆರಿಕದ ಉನ್ನತ ವ್ಯಾಸಂಗಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಗಣಿತ ಭಾಗದಲ್ಲಿ 170ಕ್ಕೆ 170 ಅಥವಾ ಅದರ ಆಸುಪಾಸು ಅಂಕ ಪಡೆದವರು ಬೇಕಾದಷ್ಟು ಜನ ಇರುತ್ತಾರೆ. ಹಾಗಾಗಿ ಆ ಅಂಕ ಕಡಿಮೆಯಾದರೆ ನಷ್ಟ, ಹೆಚ್ಚಾದರೆ ಲಾಭವೇನೂ ಇಲ್ಲ. ಅವರಿಗೆ ನಿಜವಾಗಿ ಬೇಕಾದದ್ದು ಅಂಕಪಟ್ಟಿಯಲ್ಲಿ ಲೀನಿಯರ್ ಆಲ್ಜೀಬ್ರಾ, ಸಂಭವನೀಯತಾ ಸಿದ್ಧಾಂತ, ರಿಯಲ್ ಅನಾಲಿಸಿಸ್ ಇವೆಯೇ, ಅವುಗಳಲ್ಲಿ ಬಂದ ಅಂಕ ಎಷ್ಟು ಎಂಬುದು. ನಮ್ಮ ಪದವಿ ಕಾಲೇಜುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದ ಎಚ್‌ಇಪಿ ಸಂಯೋಜನೆಯಲ್ಲಿ ಅರ್ಥಶಾಸ್ತ್ರ ಓದಿದ ಎಷ್ಟೋ ಪ್ರತಿಭಾವಂತರಿಗೆ ಈ ಬಾಗಿಲು ಮುಚ್ಚಿಹೋಗುವುದು ಇಲ್ಲಿಯೇ, ಅದೂ ಅವರಿಗೆ ಯಾರೂ ಹೇಳದೆ. ಹದಿನೆಂಟನೆಯ ವಯಸ್ಸಿನಲ್ಲಿ ಮಾಡಿದ ವಿಷಯದ ಆಯ್ಕೆ ಇಷ್ಟು ದೂರದವರೆಗೆ ಕಾಡಬಾರದು ಎಂಬ ನೋವು ನನಗಿದೆ. ನಾನು ಗಣಿತ ಮತ್ತು ಸಂಖ್ಯಾಶಾಸ್ತ್ರದ ಜೊತೆ ಅರ್ಥಶಾಸ್ತ್ರ ಓದಿದ್ದೆ. ಆದರೂ ರಿಯಲ್ ಅನಾಲಿಸಿಸ್‌ನ ಒಂದು ಕೋರ್ಸನ್ನು ಪ್ರತ್ಯೇಕವಾಗಿ ಮಾಡಿ ಅದರ ಅಂಕಪಟ್ಟಿಯನ್ನೂ ಅರ್ಜಿಗೆ ಸೇರಿಸಿದೆ.

ಎರಡನೆಯದು ಶಿಫಾರಸು ಪತ್ರಗಳು. ಸಾಮಾನ್ಯವಾಗಿ ಮೂರು ಬೇಕು. ದೊಡ್ಡ ಹೆಸರಿನ ಪ್ರಾಧ್ಯಾಪಕರೊಬ್ಬರು "ಈತ ನನ್ನ ತರಗತಿಯಲ್ಲಿ ಕುಳಿತಿದ್ದ, ಒಳ್ಳೆಯ ಅಂಕ ತೆಗೆದ" ಎಂದು ಬರೆದುಕೊಡುವ ಪತ್ರಕ್ಕಿಂತ, ಜೊತೆಯಲ್ಲಿ ಕೆಲಸ ಮಾಡಿಸಿ ನೋಡಿದವರು ಬರೆಯುವ ಪತ್ರಕ್ಕೆ ತೂಕ ಹೆಚ್ಚು. ಸಂಶೋಧನಾ ಸಹಾಯಕನ ಕೆಲಸಕ್ಕೆ ನಾನು ಸೇರಿಕೊಂಡ ಮುಖ್ಯ ಕಾರಣವೂ ಇದೇ. ಪತ್ರ ಕೇಳುವಾಗ ಮೂವರಿಗೂ ಒಂದೊಂದು ಟಿಪ್ಪಣಿ ಬರೆದುಕೊಟ್ಟೆ: ಅವರ ಜೊತೆ ನಾನು ಮಾಡಿದ ಕೆಲಸ ಯಾವುದು, ದತ್ತಾಂಶದಲ್ಲಿ ಯಾವ ತೊಡಕನ್ನು ಹೇಗೆ ಬಿಡಿಸಿದೆ, ಯಾವ ವಿಭಾಗಗಳಿಗೆ ಅರ್ಜಿ ಹಾಕುತ್ತಿದ್ದೇನೆ, ಕೊನೆಯ ದಿನಾಂಕ ಯಾವುದು. ಹೆಚ್ಚಿನ ವಿಭಾಗಗಳ ಗಡುವು ಡಿಸೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬರುವುದರಿಂದ, ಸೆಪ್ಟೆಂಬರ್‌ನಲ್ಲಿಯೇ ಕೇಳುವುದು ಅವರ ಸಮಯಕ್ಕೆ ನಾವು ತೋರುವ ಗೌರವ.

ಉದ್ದೇಶ ಪತ್ರವನ್ನು, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅನ್ನು, ನಾನು ಕೋಲಾರದ ಕೊಳವೆಬಾವಿಗಳ ಮೇಲೆ ಕಟ್ಟಿದೆ. ಬಾಲ್ಯ, ಬಡತನ, ಅರ್ಥಶಾಸ್ತ್ರದ ಮೇಲಿನ ಪ್ರೀತಿ, ಯಾವುದನ್ನೂ ಅದರಲ್ಲಿ ಬರೆಯಲಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ, ಅಂತರ್ಜಲವೋ ಪಾತಾಳಕ್ಕಿಳಿದಿದೆ. ಇಂಥಲ್ಲಿ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಕೆರೆ ತುಂಬಿದ ಊರಿನ ರೈತ ಹೊಸ ಕೊಳವೆಬಾವಿ ಕೊರೆಸುವುದನ್ನು ನಿಲ್ಲಿಸುತ್ತಾನೆಯೇ, ಅಥವಾ ನೀರು ಸಿಗುವ ಭರವಸೆಯಿಂದ ಇನ್ನೂ ಹೆಚ್ಚು ಕೊರೆಸುತ್ತಾನೆಯೇ? ಈ ಪ್ರಶ್ನೆಯನ್ನು ಮೊದಲ ಪ್ಯಾರಾದಲ್ಲಿಟ್ಟೆ. ಎರಡನೆಯದರಲ್ಲಿ ಸಣ್ಣ ನೀರಾವರಿ ಗಣತಿ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳ ಅಂಕಿಅಂಶದಿಂದ ಇದಕ್ಕೆ ಉತ್ತರ ಹುಡುಕುವುದು ಹೇಗೆ, ನೀರು ತಲುಪಿದ ಮತ್ತು ತಲುಪದ ಕೆರೆಗಳನ್ನು ನೇರವಾಗಿ ಹೋಲಿಸಿದರೆ ಬರುವ ತೊಂದರೆ ಏನು ಎಂದು ವಿವರಿಸಿದೆ. ಸೇರಿದ ಮೇಲೆ ಪ್ರಶ್ನೆ ಬದಲಾಗಬಹುದು ಎಂಬುದು ಸಮಿತಿಗೂ ಗೊತ್ತು. ಪ್ರಶ್ನೆಯೊಂದನ್ನು ಹಿಡಿದು ಅದರ ಕಷ್ಟವನ್ನು ಗುರುತಿಸಬಲ್ಲ ಅಭ್ಯರ್ಥಿಯೇ ಎಂಬುದನ್ನು ಅವರು ಅಲ್ಲಿ ನೋಡುತ್ತಾರೆ.

ಪಟ್ಟಿ ಮಾಡುವಾಗ ಅರ್ಥಶಾಸ್ತ್ರ ವಿಭಾಗಗಳ ಜೊತೆಗೆ ಕೃಷಿ ಮತ್ತು ಅನ್ವಯಿಕ ಅರ್ಥಶಾಸ್ತ್ರ ವಿಭಾಗಗಳನ್ನೂ ಸೇರಿಸಿಕೊಂಡೆ. ವಿಸ್ಕಾನ್ಸಿನ್–ಮ್ಯಾಡಿಸನ್, ಮಿನ್ನೆಸೋಟ, ಮೇರಿಲ್ಯಾಂಡ್, ಕ್ಯಾಲಿಫೋರ್ನಿಯಾದ ಬರ್ಕ್ಲಿ ಮತ್ತು ಡೇವಿಸ್‌ಗಳಲ್ಲಿ ಇವು ಪ್ರತ್ಯೇಕ ವಿಭಾಗಗಳು. ಅರ್ಜಿಯೂ ಪ್ರತ್ಯೇಕ, ಸಮಿತಿಯೂ ಪ್ರತ್ಯೇಕ. ಕೃಷಿ, ತಾಂತ್ರಿಕ ಶಿಕ್ಷಣದ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿ ಕೊಟ್ಟ 1862ರ ಮೊರಿಲ್ ಕಾಯ್ದೆಯಿಂದ ಬೆಳೆದ ಲ್ಯಾಂಡ್ ಗ್ರ್ಯಾಂಟ್ ಪರಂಪರೆಯ ವಿಶ್ವವಿದ್ಯಾಲಯಗಳಿವು. 1964ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಅದೇ ಮಾದರಿಯದು. ನೀರು, ಭೂಮಿ, ಬೆಳೆ, ಗ್ರಾಮೀಣ ಸಾಲ ಇವುಗಳ ಮೇಲೆ ಕೆಲಸ ಮಾಡಬಯಸುವ ನಮ್ಮ ಕಡೆಯ ವಿದ್ಯಾರ್ಥಿಗಳು ಈ ವಿಭಾಗಗಳನ್ನು ಎರಡನೆಯ ದರ್ಜೆಯವೆಂದು ಭಾವಿಸಿ ಬಿಟ್ಟುಬಿಡುವುದನ್ನು ಕಂಡಿದ್ದೇನೆ, ಅದು ಸರಿಯಲ್ಲ. ಯುರೋಪಿನ ಹಲವೆಡೆ ಮೊದಲು ಸಂಶೋಧನಾ ಸ್ನಾತಕೋತ್ತರ ಪದವಿ ಮಾಡಿ ನಂತರ ಪಿಎಚ್.ಡಿ.ಗೆ ಹೋಗುವ ಕ್ರಮವಿದೆ. ನಮ್ಮಲ್ಲೂ ಮುಂಬೈನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಇವೆ.

ಖರ್ಚಿನ ಬಗ್ಗೆ ಒಂದು ಮಾತು. ಒಂದೊಂದು ಅರ್ಜಿಗೂ ಸುಮಾರು 100 ಡಾಲರ್ ಶುಲ್ಕವಿರುತ್ತದೆ. ಕೆಲವು ಕಡೆ ಕೇಳಿದರೆ ಶುಲ್ಕ ಮನ್ನಾ ಆಗುತ್ತದೆ, ಕೇಳಲು ಸಂಕೋಚಪಡಬೇಕಿಲ್ಲ. ಹಲವು ವಿಭಾಗಗಳಿಗೆ ಅರ್ಜಿಯ ಹಂತದಲ್ಲಿ ಅಂಕಪಟ್ಟಿಯ ಸ್ಕ್ಯಾನ್ ಪ್ರತಿ ಸಾಕು. ಮೊಹರು ಮಾಡಿದ ಅಧಿಕೃತ ಪ್ರತಿಯನ್ನು ಪ್ರವೇಶ ಸಿಕ್ಕ ಮೇಲೆ ಕಳಿಸಿದರಾಯಿತು.

ಫೆಬ್ರುವರಿ, ಮಾರ್ಚ್‌ನಲ್ಲಿ ಉತ್ತರಗಳು ಬಂದವು. ಹಲವು ಕಡೆ ಇಲ್ಲ ಎಂದರು, ಕೆಲವು ಕಡೆ ವೇಟಿಂಗ್ ಲಿಸ್ಟ್. ಕೊನೆಗೆ ಉಳಿದದ್ದು ಎರಡು: ಒಂದು ರ‍್ಯಾಂಕಿಂಗ್‌ನಲ್ಲಿ ಮೇಲಿದ್ದ, ಪ್ರತಿವರ್ಷ ಹೆಚ್ಚು ಜನರನ್ನು ತೆಗೆದುಕೊಳ್ಳುವ ಅರ್ಥಶಾಸ್ತ್ರ ವಿಭಾಗ, ಇನ್ನೊಂದು ಅದಕ್ಕಿಂತ ಚಿಕ್ಕದಾದ ಅನ್ವಯಿಕ ಅರ್ಥಶಾಸ್ತ್ರ ವಿಭಾಗ. ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳು ಸಹಿ ಹಾಕಿರುವ ಒಪ್ಪಂದದ ಪ್ರಕಾರ, ಆರ್ಥಿಕ ನೆರವಿನ ಆಹ್ವಾನಕ್ಕೆ ಏಪ್ರಿಲ್ 15ಕ್ಕಿಂತ ಮೊದಲು ಉತ್ತರಿಸಲೇಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಆ ಅವಧಿಯನ್ನು ನಾನು ಪೂರ್ತಿ ಬಳಸಿಕೊಂಡೆ.

ಪದವಿ ಮುಗಿಸಿದವರಿಗೆ ಎಲ್ಲಿ ಕೆಲಸ ಸಿಕ್ಕಿತು ಎಂಬ ಪಟ್ಟಿಯನ್ನು ಎರಡೂ ವಿಭಾಗಗಳು ತಮ್ಮ ಜಾಲತಾಣದಲ್ಲಿ ಹಾಕಿದ್ದವು. ಅದನ್ನು ಹಾಗೆಯೇ ಓದಿದರೆ ಎರಡೂ ಚೆನ್ನಾಗಿಯೇ ಕಾಣುತ್ತವೆ, ಏಕೆಂದರೆ ಪಟ್ಟಿಯಲ್ಲಿರುವವರು ಮುಗಿಸಿದವರು ಮಾತ್ರ. ಅರ್ಧಕ್ಕೆ ಬಿಟ್ಟವರು ಅಲ್ಲಿರುವುದಿಲ್ಲ. ಅದಕ್ಕಾಗಿ, ಜಾಲತಾಣಗಳ ಹಳೆಯ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಆರೇಳು ವರ್ಷ ಹಿಂದಿನ ಪುಟಗಳನ್ನು ತೆರೆದು, ಆಗ ಇದ್ದ ವಿದ್ಯಾರ್ಥಿಗಳ ಹೆಸರುಗಳನ್ನು ಎಕ್ಸೆಲ್ ಹಾಳೆಯ ಒಂದು ಕಾಲಂನಲ್ಲಿ ಬರೆದುಕೊಂಡೆ. ಪಕ್ಕದ ಕಾಲಂಗಳಲ್ಲಿ ಮುಗಿಸಿದ ವರ್ಷ, ಮಾರ್ಗದರ್ಶಕರು, ಮೊದಲ ಕೆಲಸ. ದೊಡ್ಡ ವಿಭಾಗದ ಹಾಳೆಯಲ್ಲಿ ಖಾಲಿ ಉಳಿದ ಸಾಲುಗಳು ಹೆಚ್ಚು. ಅಲ್ಲಿ ಒಳ್ಳೆಯ ವಿಶ್ವವಿದ್ಯಾಲಯಗಳಿಗೆ ಹೋದವರೆಲ್ಲ ಬಹುತೇಕ ಸಿದ್ಧಾಂತ ಮತ್ತು ಸಮಗ್ರ ಅರ್ಥಶಾಸ್ತ್ರದವರಾಗಿದ್ದು, ನನ್ನ ಆಸಕ್ತಿಯ ವಿಷಯದವರೆಲ್ಲ ಒಬ್ಬರೇ ಪ್ರಾಧ್ಯಾಪಕರ ಶಿಷ್ಯರಾಗಿದ್ದರು. ಆ ಪ್ರಾಧ್ಯಾಪಕರು ನಿವೃತ್ತಿಯ ಅಂಚಿನಲ್ಲಿದ್ದರು. ಚಿಕ್ಕ ವಿಭಾಗದಲ್ಲಿ ಸಾಲುಗಳು ತುಂಬಿದ್ದವು, ನೀರಾವರಿ ಮತ್ತು ಪರಿಸರದ ಮೇಲೆ ಕೆಲಸ ಮಾಡುವವರು ನಾಲ್ವರಿದ್ದರು. ಇಡೀ ವಿಭಾಗದ ರ‍್ಯಾಂಕ್ ಹೇಳದ ಸಂಗತಿ ಇದು.

ಆಮೇಲೆ ಎರಡೂ ಕಡೆಯ ವಿದ್ಯಾರ್ಥಿಗಳ ಜೊತೆ ಮಾತನಾಡಿದೆ. ಮೂರು, ನಾಲ್ಕನೆಯ ವರ್ಷದವರನ್ನೇ ಹುಡುಕಿದ್ದಕ್ಕೆ ಕಾರಣವಿದೆ: ಮೊದಲ ವರ್ಷದವರಿಗೆ ಪರೀಕ್ಷೆಯ ವಿಚಾರ ಮಾತ್ರ ಗೊತ್ತು, ಕೊನೆಯ ವರ್ಷದವರು ಕೆಲಸ ಹುಡುಕುವುದರಲ್ಲಿ ಮುಳುಗಿರುತ್ತಾರೆ. ಪ್ರಿಲಿಮ್ಸ್‌ನಲ್ಲಿ ಎಷ್ಟು ಜನ ಉಳಿಯುತ್ತಾರೆ, ಎರಡನೆಯ ಅವಕಾಶವಿದೆಯೇ, ಬರೆದದ್ದನ್ನು ಯಾರು ಓದುತ್ತಾರೆ ಎಂದು ಕೇಳಿದೆ. ಚಿಕ್ಕ ವಿಭಾಗದಲ್ಲಿದ್ದ ಧಾರವಾಡದ ಕಡೆಯ ಸೀನಿಯರ್ ಒಬ್ಬರು ಕೊನೆಯ ಪ್ರಶ್ನೆಗೆ, "ಡ್ರಾಫ್ಟ್ ಕಳಿಸಿದ್ರ ಎರಡು ವಾರದಾಗ ಓದಿ ಕೊಡ್ತಾರ್ರೀ, ಮಾರ್ಜಿನ್ ತುಂಬ ಬರ್ದಿರ್ತಾರ" ಎಂದರು. ಇನ್ನೊಂದು ಕಡೆಯಿಂದ ಅಂಥ ಉತ್ತರ ಬರಲಿಲ್ಲ.

ಸ್ಟೈಪೆಂಡ್ ದೊಡ್ಡ ವಿಭಾಗದ್ದೇ ಹೆಚ್ಚು. ಆದರೆ ಅದು ಒಂಬತ್ತು ತಿಂಗಳದ್ದು. ಬೇಸಿಗೆಯ ಮೂರು ತಿಂಗಳು ನಾವೇ ದಾರಿ ನೋಡಿಕೊಳ್ಳಬೇಕು. ಚಿಕ್ಕ ವಿಭಾಗದ್ದು ಹನ್ನೆರಡು ತಿಂಗಳದ್ದು, ಐದು ವರ್ಷಗಳ ಭರವಸೆಯನ್ನು ಪತ್ರದಲ್ಲಿಯೇ ಬರೆದುಕೊಟ್ಟಿದ್ದರು. ಆರೋಗ್ಯ ವಿಮೆಯ ಕಂತು ಯಾರು ಕಟ್ಟುತ್ತಾರೆ, ಬೋಧನಾ ಶುಲ್ಕ ಮನ್ನಾ ಆದ ಮೇಲೂ ವಿದ್ಯಾರ್ಥಿ ಕಟ್ಟಬೇಕಾದ ಇತರ ಶುಲ್ಕ ಎಷ್ಟು, ಊರಿನಲ್ಲಿ ಬಾಡಿಗೆ ಎಷ್ಟು ಎಂಬುದನ್ನೆಲ್ಲ ಕಳೆದು ನೋಡಿದಾಗ ಎರಡರ ನಡುವಿನ ಅಂತರ ಅಳಿಸಿಹೋಯಿತು. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿಯಿಂದಾಗಿ ಭಾರತದ ವಿದ್ಯಾರ್ಥಿಗಳಿಗೆ ಅಮೆರಿಕದ ಆದಾಯ ತೆರಿಗೆಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ; ಬೇರೆ ಬಹುತೇಕ ದೇಶಗಳ ವಿದ್ಯಾರ್ಥಿಗಳಿಗಿಲ್ಲದ ಈ ಅನುಕೂಲವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಚಿಕ್ಕ ವಿಭಾಗಕ್ಕೆ ಒಪ್ಪಿಗೆ ಕಳಿಸಿದ ದಿನವೇ ದೊಡ್ಡ ವಿಭಾಗಕ್ಕೂ, ವೇಟಿಂಗ್ ಲಿಸ್ಟ್‌ನಲ್ಲಿಟ್ಟಿದ್ದ ಉಳಿದ ವಿಭಾಗಗಳಿಗೂ ಬರುವುದಿಲ್ಲವೆಂದು ಬರೆದೆ. ಏಪ್ರಿಲ್ 15ರ ಆಸುಪಾಸಿನಲ್ಲಿ ಒಬ್ಬರು ಬಿಟ್ಟ ಸೀಟು ಇನ್ನೊಬ್ಬರಿಗೆ ದಕ್ಕುವುದರಿಂದ, ಬೇಡವಾದ ಆಹ್ವಾನವನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳಬಾರದು. ನಂತರ ವಿದ್ಯಾರ್ಥಿ ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಬಂತು, ವಿದೇಶಿ ವಿದ್ಯಾರ್ಥಿಗಳ ನೋಂದಣಿಗಾಗಿ ಅಮೆರಿಕ ಸರ್ಕಾರ ಪಡೆಯುವ ಸೆವಿಸ್ ಶುಲ್ಕ ಕಟ್ಟಿ ಚೆನ್ನೈನಲ್ಲಿ ವೀಸಾ ಸಂದರ್ಶನ ಮುಗಿಸಿದೆ. ಆಗಸ್ಟ್‌ನಲ್ಲಿ ತರಗತಿಗಳಿಗೆ ಮೊದಲು ನಡೆಯುವ ಗಣಿತ ಶಿಬಿರಕ್ಕಾಗಿ, ಹೊರಡುವವರೆಗೆ ದಿನವೂ ಬೆಳಗ್ಗೆ ಲೀನಿಯರ್ ಆಲ್ಜೀಬ್ರಾದ ಲೆಕ್ಕಗಳನ್ನು ಮಾಡುತ್ತಿದ್ದೆ.